ಸೂಪರ್‌ಹೀರೋ ತಂಡದ ಚಿತ್ರಕ್ಕೆ ನಿರ್ದೇಶಕ ಯಾರಾದರೇನು?

ಓದುಗರ ಪ್ರಶ್ನೆ: ಸೂಪರ್‌ಹೀರೋಗಳ ತಂಡದ ಕಥೆಯೊಂದನ್ನು ತೆರೆಯ ಮೇಲೆ ಹೊಸದಾಗಿ ಆರಂಭಿಸುತ್ತಾರೆಂಬ ಸುದ್ದಿ ಬಂದ ಕೂಡಲೇ, ಅದನ್ನು ಯಾರು ನಿರ್ದೇಶಿಸಬೇಕು ಎಂದು ಅಭಿಮಾನಿಗಳು ವರ್ಷಗಟ್ಟಲೆ ವಾದಿಸುತ್ತಾರೆ. ಇಂಥ ಚಿತ್ರಗಳಲ್ಲಿ ಎಲ್ಲವನ್ನೂ ಸ್ಟುಡಿಯೋದವರೇ ತೀರ್ಮಾನಿಸುತ್ತಾರೆ ಎಂಬ ಮಾತನ್ನೂ ಕೇಳುತ್ತೇವೆ. ಹಾಗಿದ್ದರೆ ನಿರ್ದೇಶಕ ಯಾರಾದರೇನು? ಈ ವಾದಕ್ಕೆ ಅರ್ಥವಿದೆಯೇ?

ಉತ್ತರ: ಅರ್ಥವಿದೆ. ಆದರೆ ವಾದ ನಡೆಯುವುದು ಹೆಸರುಗಳ ಸುತ್ತ. ಚಿತ್ರದ ಹಣೆಬರಹವನ್ನು ನಿರ್ಧರಿಸುವುದು ಆ ಹೆಸರಿನ ವ್ಯಕ್ತಿ ಯಾವ ಹಂತದಲ್ಲಿ ಒಳಗೆ ಬಂದರು, ಒಳಗೆ ಬಂದ ಮೇಲೆ ಅವರ ಕೈಯಲ್ಲಿ ಏನೇನು ಉಳಿದಿತ್ತು ಎಂಬುದು. ಇದನ್ನು ವಿವರಿಸಲು ‘ಫ್ಯಾಂಟಾಸ್ಟಿಕ್ ಫೋರ್’ಗಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ. ಅದೇ ನಾಲ್ಕು ಪಾತ್ರಗಳನ್ನು ಈವರೆಗೆ ನಾಲ್ವರು ನಿರ್ದೇಶಕರು ಐದು ಚಿತ್ರಗಳಲ್ಲಿ ತೆರೆಗೆ ತಂದಿದ್ದಾರೆ, ಮತ್ತು ಪ್ರತಿ ಸಲವೂ ಫಲಿತಾಂಶ ಬೇರೆಯಾಗಿದೆ.

ಮೊದಲು ಆ ನಾಲ್ವರ ಸ್ವಭಾವವನ್ನು ನೆನಪಿಸಿಕೊಳ್ಳಬೇಕು. ಬರಹಗಾರ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ 1961ರಲ್ಲಿ ಮಾರ್ವೆಲ್ ಪ್ರಕಾಶನಕ್ಕಾಗಿ ಈ ಕಾಮಿಕ್ಸ್ ಆರಂಭಿಸಿದಾಗ ಅದರಲ್ಲಿದ್ದ ಹೊಸತನ ಬರಿಯ ಅತಿಮಾನುಷ ಶಕ್ತಿಗಳಲ್ಲಿ ಇರಲಿಲ್ಲ. ಇವರು ಮುಖವಾಡ ಹಾಕಿಕೊಂಡು ಗುಟ್ಟಾಗಿ ಬದುಕುವವರಲ್ಲ. ಒಂದೇ ಸೂರಿನಡಿ ಇರುವ, ಜಗಳವಾಡುವ, ಮುನಿಸಿಕೊಂಡು ಹೊರಟುಹೋಗಿ ಮತ್ತೆ ಮರಳುವ ಒಂದು ಕುಟುಂಬ. ಅವರಿಗೆ ಬಂದ ಶಕ್ತಿಗಳೂ ಅವರವರ ಗುಣಕ್ಕೆ ಒಪ್ಪುವಂಥವು. ಎಲ್ಲದರ ಕಡೆಗೂ ಮನಸ್ಸು ಚಾಚುವ ವಿಜ್ಞಾನಿ ರೀಡ್ ರಿಚರ್ಡ್ಸ್‌ನ ಮೈ ರಬ್ಬರಿನಂತೆ ಹಿಗ್ಗುತ್ತದೆ. ಗಂಡಸರ ನಡುವೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುವ ಸೂ ಅದೃಶ್ಯಳಾಗುತ್ತಾಳೆ. ದುಡುಕಿನ ತಮ್ಮ ಜಾನಿ ಹೊತ್ತಿ ಉರಿಯುತ್ತಾನೆ. ಗೆಳೆಯ ಬೆನ್ ಗ್ರಿಮ್ ಮಾತ್ರ ಕಲ್ಲಾಗಿ, ಮನುಷ್ಯರೂಪಕ್ಕೆ ಮರಳಲಾರದ ನೋವನ್ನು ತಮಾಷೆಯಲ್ಲಿ ಮುಚ್ಚಿಕೊಳ್ಳುತ್ತಾನೆ. ಲೀ ಮತ್ತು ಕರ್ಬಿ ಸತತ 102 ಸಂಚಿಕೆಗಳವರೆಗೆ ಈ ಮನೆಯ ಕಥೆಯನ್ನು ಹೇಳಿದರು.

ಕಥೆ ಇಷ್ಟು ಚೆನ್ನಾಗಿ ಗೊತ್ತಿರುವುದೇ ನಿರ್ದೇಶಕರ ಕುರಿತ ವಾದಕ್ಕೆ ಮೂಲಕಾರಣ. ಅಭಿಮಾನಿಗೆ ಮುಂದೇನಾಗುತ್ತದೆ ಎಂಬ ಕುತೂಹಲ ಕಡಿಮೆ. ಗೊತ್ತಿರುವುದನ್ನು ಹೇಗೆ ಹೇಳುತ್ತಾರೆ ಎಂಬ ಕಾತರವೇ ಹೆಚ್ಚು. ಆಟಕ್ಕೆ ಹೋಗುವ ಯಕ್ಷಗಾನಪ್ರಿಯರು ಪ್ರಸಂಗ ಯಾವುದೆಂದು ತಿಳಿದಿದ್ದರೂ ಭಾಗವತರು ಯಾರು ಎಂದು ಕೇಳುವುದರಲ್ಲಿ ಇರುವ ವಿವೇಕವೇ ಇಲ್ಲಿಯೂ ಇದೆ. ಒಬ್ಬನೇ ನಾಯಕನ ಚಿತ್ರಕ್ಕಿಂತ ತಂಡದ ಚಿತ್ರದಲ್ಲಿ ಈ ಕಾತರ ಹೆಚ್ಚಲು ಇನ್ನೊಂದು ಕಾರಣವೂ ಉಂಟು. ಎರಡು ಗಂಟೆಯ ಅವಧಿಯನ್ನು ನಾಲ್ಕೈದು ಜನರಿಗೆ ಹಂಚಬೇಕು, ಹಂಚಿದ ಮೇಲೂ ಯಾರೂ ಬರಿದೆ ನಿಂತಂತೆ ಕಾಣಬಾರದು, ಅವರವರ ನಡುವಿನ ಸಲುಗೆ ಹಳೆಯದೆಂದು ನಂಬಿಕೆ ಬರಬೇಕು. ಇದು ಗ್ರಾಫಿಕ್ಸ್ ವಿಭಾಗದವರು ಮಾಡಿಕೊಡುವ ಕೆಲಸವಲ್ಲ.

ಇನ್ನು, ಸ್ಟುಡಿಯೋದವರೇ ಎಲ್ಲವನ್ನೂ ತೀರ್ಮಾನಿಸುತ್ತಾರೆ ಎಂಬ ಮಾತು. ಅದರಲ್ಲಿ ಸತ್ಯಾಂಶ ಸಾಕಷ್ಟಿದೆ. ಬಿಡುಗಡೆಯ ದಿನಾಂಕ ಅನೇಕ ವೇಳೆ ನಿರ್ದೇಶಕರು ಬರುವ ಮೊದಲೇ ಗೊತ್ತಾಗಿರುತ್ತದೆ. ದೊಡ್ಡ ಹೊಡೆದಾಟದ ದೃಶ್ಯಗಳನ್ನು ಚಿತ್ರೀಕರಣಕ್ಕೆ ಎಷ್ಟೋ ಮೊದಲೇ ಕಂಪ್ಯೂಟರಿನಲ್ಲಿ ಒರಟಾಗಿ ರಚಿಸಿಕೊಳ್ಳುತ್ತಾರೆ. ಅದಕ್ಕೆಂದೇ ಬೇರೆ ತಂಡಗಳಿವೆ. ಅರ್ಜೆಂಟೀನಾದ ನಿರ್ದೇಶಕಿ ಲುಕ್ರೇಸಿಯಾ ಮಾರ್ಟೆಲ್ ‘ಬ್ಲ್ಯಾಕ್ ವಿಡೋ’ ಚಿತ್ರದ ಮಾತುಕತೆಗೆ ಹೋಗಿದ್ದಾಗ, ಹೊಡೆದಾಟದ ದೃಶ್ಯಗಳ ಚಿಂತೆ ನಿಮಗೆ ಬೇಡ, ಅದನ್ನು ನಾವು ನೋಡಿಕೊಳ್ಳುತ್ತೇವೆ ಎಂಬರ್ಥದ ಮಾತು ಬಂದಿತೆಂದು 2018ರಲ್ಲಿ ಬಹಿರಂಗವಾಗಿಯೇ ಹೇಳಿದರು. ಸಂಕಲನದಲ್ಲಿಯೂ ಮಿತಿಯಿದೆ. ಅಮೆರಿಕದ ನಿರ್ದೇಶಕರ ಸಂಘದ ಒಪ್ಪಂದದಂತೆ ಪೂರ್ಣಾವಧಿ ಚಿತ್ರದ ನಿರ್ದೇಶಕರಿಗೆ ತಮ್ಮ ಆವೃತ್ತಿಯನ್ನು ಕತ್ತರಿಸಿ ಜೋಡಿಸಲು ಸಾಮಾನ್ಯವಾಗಿ ಹತ್ತು ವಾರಗಳ ಅವಕಾಶ ಸಿಗುತ್ತದೆ. ಅದರ ನಂತರದ ಅಂತಿಮ ಮಾತು, ವಿಶೇಷ ಒಪ್ಪಂದವಿಲ್ಲದ ಪಕ್ಷದಲ್ಲಿ, ಹಣ ಹಾಕಿದವರದು.

ಆದರೂ ಉಳಿಯುವ ಪಾಲು ಚಿಕ್ಕದಲ್ಲ. ಚಿತ್ರಕಥೆಯ ಕರಡಿನಲ್ಲಿ ಏನು ಉಳಿಯಬೇಕು, ಯಾವ ಪಾತ್ರಕ್ಕೆ ಯಾವ ನಟರು ಹೊಂದುತ್ತಾರೆ, ಅವರು ಎಷ್ಟು ಮೆಲ್ಲಗೆ ಅಥವಾ ಎಷ್ಟು ಜೋರಾಗಿ ಮಾತಾಡಬೇಕು, ಮನೆಯ ಗೋಡೆಗೆ ಯಾವ ಬಣ್ಣ, ನಗು ಬರಬೇಕಾದ ಕಡೆ ಕ್ಯಾಮೆರಾ ಎಷ್ಟು ಹೊತ್ತು ಕಾಯಬೇಕು ಎಂಬ ಸಾವಿರ ನಿರ್ಧಾರಗಳು ದಿನವೂ ನಿರ್ದೇಶಕರ ಮುಂದೆ ಬರುತ್ತವೆ. ಒಂದೇ ಚಿತ್ರೀಕರಣದಿಂದ ಎರಡು ಬೇರೆ ಚಿತ್ರಗಳು ಹುಟ್ಟಬಹುದು ಎಂಬುದಕ್ಕೆ ‘ಜಸ್ಟಿಸ್ ಲೀಗ್’ ಸಾಕ್ಷಿ. ಮಗಳ ಸಾವಿನ ನಂತರ 2017ರ ಮೇ ತಿಂಗಳಲ್ಲಿ ಅದರ ನಿರ್ದೇಶಕ ಜ್ಯಾಕ್ ಸ್ನೈಡರ್ ಹಿಂದೆ ಸರಿದರು; ಜಾಸ್ ವೀಡನ್ ಮರುಚಿತ್ರೀಕರಣ ನಡೆಸಿ ಎರಡು ಗಂಟೆಯ ಚಿತ್ರವನ್ನು ಅದೇ ವರ್ಷದ ನವೆಂಬರಿನಲ್ಲಿ ತೆರೆಗೆ ಕೊಟ್ಟರು. ತೆರೆಯ ಮೇಲೆ ನಿರ್ದೇಶಕರೆಂದು ಬಂದದ್ದು ಸ್ನೈಡರ್ ಹೆಸರೊಂದೇ. ಅಭಿಮಾನಿಗಳು ಪಟ್ಟುಬಿಡದೆ ಕೇಳಿದ ಮೇಲೆ 2021ರ ಮಾರ್ಚ್‌ನಲ್ಲಿ ಸ್ನೈಡರ್ ಅವರ ನಾಲ್ಕು ಗಂಟೆಯ ಆವೃತ್ತಿ ಹೊರಬಂತು. ಅದೇ ನಟರು, ಅದೇ ಖಳ, ಬಹುಪಾಲು ಅದೇ ಘಟನೆಗಳು; ಆದರೆ ಮೊದಲ ಆವೃತ್ತಿಯಲ್ಲಿ ಬದಿಗೆ ನಿಂತಿದ್ದ, ಅರ್ಧ ಯಂತ್ರವಾಗಿರುವ ನಾಯಕ ಸೈಬಾರ್ಗ್ ಎರಡನೆಯದರಲ್ಲಿ ಕಥೆಯ ಹೃದಯವಾಗಿದ್ದಾನೆ. ನಾಲ್ಕು ಗಂಟೆ ದೀರ್ಘವಾಯಿತು ಎಂದು ನನಗೂ ಅನ್ನಿಸಿದೆ. ಆದರೆ ನಿರ್ದೇಶಕ ಯಾರಾದರೇನು ಎಂಬ ಪ್ರಶ್ನೆಗೆ ಈ ಎರಡನ್ನೂ ಒಂದರ ಹಿಂದೊಂದು ನೋಡುವುದಕ್ಕಿಂತ ನೇರವಾದ ಉತ್ತರ ಬೇರೆಯಿಲ್ಲ.

ಈಗ ‘ಫ್ಯಾಂಟಾಸ್ಟಿಕ್ ಫೋರ್’ ಕಡೆಗೆ ಮರಳೋಣ. ಮೊದಲ ಚಿತ್ರದ ಕಥೆ ಬೇಗ ಮುಗಿಯುತ್ತದೆ: ಜರ್ಮನಿಯ ಕಾನ್‌ಸ್ಟಾಂಟಿನ್ ಸಂಸ್ಥೆಯ ಬಳಿಯಿದ್ದ, ಈ ಕಥೆಯನ್ನು ಚಿತ್ರವಾಗಿಸುವ ಹಕ್ಕು 1992ರ ಕೊನೆಗೆ ಕೈತಪ್ಪುವುದರಲ್ಲಿತ್ತು, ಆ ಡಿಸೆಂಬರಿನ ಕೊನೆಯ ದಿನಗಳಲ್ಲಿ ಕಡಿಮೆ ವೆಚ್ಚದ ಚಿತ್ರಗಳಿಗೆ ಹೆಸರಾದ ನಿರ್ಮಾಪಕ ರಾಜರ್ ಕಾರ್ಮನ್ ಅವರ ಜೊತೆಗೂಡಿ, ಸುಮಾರು 10 ಲಕ್ಷ ಡಾಲರ್ ವೆಚ್ಚದಲ್ಲಿ ಓಲೀ ಸಾಸೋನ್ ನಿರ್ದೇಶನದ ಚಿತ್ರವನ್ನು ಶುರು ಮಾಡಿದರು. ಅದು ಅಧಿಕೃತವಾಗಿ ಬಿಡುಗಡೆಯಾಗಲೇ ಇಲ್ಲ. ಹಕ್ಕು ಉಳಿಯಿತು, ಚಿತ್ರ ಉಳಿಯಲಿಲ್ಲ. 2005 ಮತ್ತು 2007ರಲ್ಲಿ ಟಿಮ್ ಸ್ಟೋರಿ ಎರಡು ಚಿತ್ರಗಳನ್ನು ನಿರ್ದೇಶಿಸಿದರು. ಮೊದಲನೆಯದು ಜಗತ್ತಿನಾದ್ಯಂತ ಸುಮಾರು 33 ಕೋಟಿ ಡಾಲರ್ ಗಳಿಸಿತು. ಹಗುರ ಹಾಸ್ಯ, ಮನೆಮಂದಿಯೆಲ್ಲ ಕೂತು ನೋಡಬಹುದಾದ ಗುಣ ಅವುಗಳಲ್ಲಿತ್ತು. ಆದರೆ ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್‌ನನ್ನು ಎರಡನೆಯ ಚಿತ್ರದಲ್ಲಿ ಕೇವಲ ಮೋಡವಾಗಿ ತೋರಿಸಿದ್ದನ್ನು ಕರ್ಬಿಯ ರೇಖೆಗಳನ್ನು ಪ್ರೀತಿಸುವವರು ಇಂದಿಗೂ ಕ್ಷಮಿಸಿಲ್ಲ.

ಸ್ಟೋರಿ ಅವರಿಗಿಂತ ಮೊದಲು ಈ ಕೆಲಸ ನಿರ್ದೇಶಕ ಪೇಟನ್ ರೀಡ್ ಅವರ ಕೈಯಲ್ಲಿ ಕೆಲಕಾಲ ಇತ್ತು. ಕಥೆಯನ್ನು ಅದು ಹುಟ್ಟಿದ 1960ರ ದಶಕದಲ್ಲಿಯೇ ಇಡಬೇಕೆಂಬುದು ಅವರ ಆಲೋಚನೆಗಳಲ್ಲೊಂದಾಗಿತ್ತು. ಅದು ಕೈಗೂಡಲಿಲ್ಲ, ಅವರು ಹೊರಬಂದರು. ಮುಂದೆ ಎಡ್ಗರ್ ರೈಟ್ ತೊರೆದ ‘ಆ್ಯಂಟ್-ಮ್ಯಾನ್’ ಚಿತ್ರಕ್ಕೆ 2014ರಲ್ಲಿ ಬಂದವರು ಇದೇ ರೀಡ್. ಅವರು ಬಯಸಿದ್ದ ಅರವತ್ತರ ದಶಕ ತೆರೆಯ ಮೇಲೆ ಕಂಡದ್ದು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದ ನಂತರ, ಇನ್ನೊಬ್ಬ ನಿರ್ದೇಶಕರಿಂದ. ಸರಿಯಾದ ಕಲ್ಪನೆಯುಳ್ಳ ನಿರ್ದೇಶಕರು ಸಿಕ್ಕರೆ ಸಾಲದು. ಅದನ್ನು ಒಪ್ಪುವ ನಿರ್ಮಾಪಕರೂ ಅದೇ ಹೊತ್ತಿನಲ್ಲಿ ಸಿಗಬೇಕು.

2015ರ ಚಿತ್ರದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ವಾದದ ಎರಡೂ ಬದಿಯವರು ಅದನ್ನೇ ಉದಾಹರಿಸುತ್ತಾರೆ. ಅದನ್ನು ನಿರ್ದೇಶಿಸಿದ ಜಾಶ್ ಟ್ರ್ಯಾಂಕ್ 2012ರಲ್ಲಿ ‘ಕ್ರಾನಿಕಲ್’ ಎಂಬ ಚಿತ್ರ ಮಾಡಿದ್ದರು. ಸುಮಾರು 1.2 ಕೋಟಿ ಡಾಲರ್ ವೆಚ್ಚದ ಆ ಚಿತ್ರ ಅದರ ಹತ್ತು ಪಟ್ಟು ಗಳಿಸಿತು. ಶಕ್ತಿ ಸಿಕ್ಕ ಹದಿಹರೆಯದವರ ಭಯ, ಒಂಟಿತನ, ಕ್ರೌರ್ಯ ಅದರಲ್ಲಿತ್ತು. ಅದನ್ನು ಮೆಚ್ಚಿದವರಲ್ಲಿ ಹಲವರು ‘ಫ್ಯಾಂಟಾಸ್ಟಿಕ್ ಫೋರ್’ಗೆ ಇವರೇ ಸರಿ ಎಂದರು, ಕಾಗದದ ಮೇಲೆ ಆ ಮಾತು ತಪ್ಪಾಗಿರಲಿಲ್ಲ. ಟ್ರ್ಯಾಂಕ್ ಬಯಸಿದ್ದು ದೇಹವೇ ತನಗೆ ಅಪರಿಚಿತವಾಗುವ ಭೀತಿಯ ಕಥೆ. ಚಿತ್ರದ ಹಕ್ಕು ಹೊಂದಿದ್ದ ಫಾಕ್ಸ್ ಸಂಸ್ಥೆಗೆ ಬೇಕಾಗಿದ್ದು ಬೇಸಿಗೆ ರಜೆಯ ದೊಡ್ಡ ಸಾಹಸಚಿತ್ರ. ಈ ಎರಡನ್ನೂ ಯಾರೂ ಮೊದಲೇ ಎದುರುಬದುರು ಕೂರಿಸಿ ಮಾತಾಡಿಸಿದಂತೆ ಕಾಣುವುದಿಲ್ಲ. ಚಿತ್ರದ ಸಾಕಷ್ಟು ಭಾಗವನ್ನು ಮತ್ತೆ ಚಿತ್ರೀಕರಿಸಲಾಯಿತು. ಮರುಚಿತ್ರೀಕರಣದ ದೃಶ್ಯಗಳು ಯಾವುವೆಂದು ಸೂ ಪಾತ್ರಧಾರಿ ಕೇಟ್ ಮಾರಾ ಅವರ ಕೃತಕ ಕೂದಲನ್ನು ನೋಡಿಯೇ ಗುರುತಿಸಬಹುದಿತ್ತು. ನಾಲ್ವರಿಗೂ ಶಕ್ತಿ ಬಂದು, ಕಥೆ ಆಗಷ್ಟೇ ಉಸಿರಾಡತೊಡಗಿದಾಗ ‘ಒಂದು ವರ್ಷದ ನಂತರ’ ಎಂಬ ಬರಹ ಬರುತ್ತದೆ, ಮತ್ತು ನಾವು ನೋಡಲು ಬಂದಿದ್ದ ಚಿತ್ರ ಆ ಎರಡು ದೃಶ್ಯಗಳ ನಡುವೆ ಎಲ್ಲೋ ಕಳೆದುಹೋಗುತ್ತದೆ. ಬಿಡುಗಡೆಯ ಮುನ್ನಾದಿನ ಟ್ರ್ಯಾಂಕ್, ಒಂದು ವರ್ಷದ ಹಿಂದೆ ತಮ್ಮ ಬಳಿ ಒಳ್ಳೆಯ ಆವೃತ್ತಿಯಿತ್ತು, ಅದನ್ನು ನೀವು ಬಹುಶಃ ಎಂದೂ ನೋಡಲಾರಿರಿ ಎಂದು ಟ್ವಿಟರ್‌ನಲ್ಲಿ ಬರೆದು ಅಳಿಸಿದರು. ಸುಮಾರು 12 ಕೋಟಿ ಡಾಲರ್ ವೆಚ್ಚದ ಚಿತ್ರದ ಗಳಿಕೆ 17 ಕೋಟಿಯ ಒಳಗೇ ನಿಂತಿತು. ಪ್ರಚಾರದ ಖರ್ಚನ್ನೂ, ಚಿತ್ರಮಂದಿರಗಳ ಪಾಲನ್ನೂ ಕಳೆದರೆ ಅದು ನಷ್ಟವೇ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಆ ಚಿತ್ರದ ಮೇಲಿನ ಸಿಟ್ಟಿನ ಒಂದು ಪಾಲು ಜಾನಿ ಪಾತ್ರವಹಿಸಿದ ಮೈಕೆಲ್ ಬಿ. ಜೋರ್ಡನ್ ಅವರ ಚರ್ಮದ ಬಣ್ಣದ ಮೇಲೆ ಬಿತ್ತು, ಅದೂ ಚಿತ್ರ ಬಿಡುಗಡೆಯಾಗುವ ಮೊದಲೇ. ಅದು ನಿರ್ದೇಶನದ ವಿಮರ್ಶೆಯಲ್ಲ. ಪಾತ್ರಗಳ ಮೇಲಿನ ಪ್ರೀತಿಯನ್ನು ಅಂಥ ಮಾತಿಗೆ ನೆಪವಾಗಿಸಿಕೊಂಡವರಿಂದ ಪ್ರಾಮಾಣಿಕ ಅಭಿಮಾನಿಗಳ ವಾದಕ್ಕೂ ಕೆಟ್ಟ ಹೆಸರು ಬಂದಿದೆ.

2019ರ ಮಾರ್ಚ್‌ನಲ್ಲಿ ಫಾಕ್ಸ್ ಡಿಸ್ನಿಯ ವಶಕ್ಕೆ ಬಂದಾಗ ಈ ನಾಲ್ವರೂ ಮಾರ್ವೆಲ್ ಸ್ಟುಡಿಯೋಸ್‌ನ ಮನೆಗೆ ಮರಳಿದರು. 2020ರ ಡಿಸೆಂಬರಿನಲ್ಲಿ ಸ್ಪೈಡರ್‌ಮ್ಯಾನ್ ಚಿತ್ರಗಳ ನಿರ್ದೇಶಕ ಜಾನ್ ವಾಟ್ಸ್ ಹೆಸರು ಘೋಷಣೆಯಾಯಿತು. 2022ರ ಏಪ್ರಿಲ್‌ನಲ್ಲಿ ಅವರು, ಸೂಪರ್‌ಹೀರೋ ಚಿತ್ರಗಳಿಂದ ಬಿಡುವು ಬೇಕೆಂದು ಹೊರಬಂದರು. ಆಗ ಎದ್ದ ವಾದವೇ ನಿಮ್ಮ ಪ್ರಶ್ನೆಯಲ್ಲಿರುವಂಥ ವಾದ. ಅರವತ್ತರ ದಶಕದ ಕನಸು ಕಂಡಿದ್ದ ಪೇಟನ್ ರೀಡ್ ಬರಲಿ ಎಂದರು ಕೆಲವರು; ಸೂಪರ್‌ಹೀರೋ ಕುಟುಂಬದ ಆ್ಯನಿಮೇಷನ್ ಚಿತ್ರ ‘ದಿ ಇನ್‌ಕ್ರೆಡಿಬಲ್ಸ್’ ಮಾಡಿದ ಬ್ರ್ಯಾಡ್ ಬರ್ಡ್ ಎಂದರು ಇನ್ನು ಕೆಲವರು; ಆ ಮೇ ತಿಂಗಳಲ್ಲಿ ‘ಡಾಕ್ಟರ್ ಸ್ಟ್ರೇಂಜ್’ನ ಎರಡನೆಯ ಚಿತ್ರದಲ್ಲಿ ರೀಡ್ ರಿಚರ್ಡ್ಸ್ ಆಗಿ ಕಾಣಿಸಿಕೊಂಡ ಜಾನ್ ಕ್ರಸಿನ್ಸ್‌ಕಿ ನಟನೆಯ ಜೊತೆಗೆ ನಿರ್ದೇಶನವನ್ನೂ ಮಾಡಲಿ ಎಂಬ ಆಸೆಯೂ ಇತ್ತು. ಈ ಮೂರರಲ್ಲೂ ತರ್ಕವಿತ್ತು.

ಬಂದವರು ಮ್ಯಾಟ್ ಶಕ್‌ಮನ್. 2022ರ ಸೆಪ್ಟೆಂಬರಿನಲ್ಲಿ ಅವರ ಹೆಸರು ಖಚಿತವಾದಾಗ, ಕಿರುತೆರೆಯವರು ಎಂದು ಮುಖ ಸಿಂಡರಿಸಿದವರು ಅನೇಕರು. ಆದರೆ ಅವರ ಹಿಂದಿನ ಕೆಲಸವನ್ನು ಸಮಾಧಾನದಿಂದ ಗಮನಿಸಿದ್ದರೆ ಈ ಆಯ್ಕೆಯ ಔಚಿತ್ಯ ಆಗಲೇ ಕಾಣುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಾಲ್ಯದಲ್ಲಿ ಸಿಟ್‌ಕಾಮ್ ಅಂದರೆ ಟಿವಿ ಹಾಸ್ಯ ಧಾರಾವಾಹಿಯ ನಟರಾಗಿದ್ದವರು, ನಾಟಕರಂಗದಲ್ಲಿ ದುಡಿದವರು, ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಡ್ರ್ಯಾಗನ್ ಇಡೀ ಸೈನ್ಯವನ್ನು ಸುಡುವ 2017ರ ಕಂತನ್ನು ನಿರ್ದೇಶಿಸಿದವರು, 2021ರ ಮಾರ್ವೆಲ್ ಧಾರಾವಾಹಿ ‘ವಾಂಡಾವಿಷನ್’ನ ಒಂಬತ್ತೂ ಕಂತುಗಳನ್ನು ಮಾಡಿದವರು. ಅದರ ಮೊದಲ ಕಂತನ್ನು ಹಳೆಯ ಕಾಲದ ಸಿಟ್‌ಕಾಮ್‌ನಂತೆ ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡೇ ಚಿತ್ರೀಕರಿಸಿದ್ದರು. ಅಡುಗೆಮನೆಯ ನಗು, ಹಳೆಯ ದಶಕದ ಸೊಗಸು, ಆಕಾಶದಿಂದ ಬೀಳುವ ಬೆಂಕಿ, ಈ ಮೂರನ್ನೂ ಬಲ್ಲವರೇ ತಾನೇ ಈ ಕುಟುಂಬಕ್ಕೆ ಬೇಕಾಗಿದ್ದುದು?

2025ರ ಜುಲೈನಲ್ಲಿ ಬಂದ ‘ದಿ ಫ್ಯಾಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್’ ಅರವತ್ತರ ದಶಕದವರು ಕನಸಿದ್ದ ಭವಿಷ್ಯದಂತಿರುವ ಪರ್ಯಾಯ ಜಗತ್ತಿನಲ್ಲಿ ನಡೆಯುತ್ತದೆ. ಗ್ಯಾಲಕ್ಟಸ್ ಈ ಸಲ ಮೋಡವಲ್ಲ, ಕರ್ಬಿ ಬಿಡಿಸಿದಂತೆಯೇ ದೈತ್ಯ ಪುರುಷ. ಆದರೆ ನನಗೆ ನಿರ್ದೇಶಕರ ಕೈ ಕಂಡದ್ದು ಅಲ್ಲಿಗಿಂತ ಹೆಚ್ಚಾಗಿ ಮನೆಯವರೆಲ್ಲ ಸೇರುವ ಭಾನುವಾರದ ಊಟದ ದೃಶ್ಯದಲ್ಲಿ. ಸೂ ಬಸುರಿಯೆಂಬ ಸುದ್ದಿ ಯಾರೂ ಬಾಯಿಬಿಡುವ ಮೊದಲೇ ಆ ಮೇಜಿನ ಸುತ್ತ ಹರಡುವ ರೀತಿಯಲ್ಲಿ, ಇವರು ಬಹುಕಾಲದಿಂದ ಒಟ್ಟಿಗೆ ಉಂಡವರು ಎಂಬ ನಂಬಿಕೆ ಒಂದೇ ನಿಮಿಷದಲ್ಲಿ ಹುಟ್ಟುತ್ತದೆ. ಹಿಂದಿನ ಮೂವರಿಗೂ ದಕ್ಕದ್ದು ಅದೇ. ಗಳಿಕೆ ಮಾತ್ರ ಸುಮಾರು 52 ಕೋಟಿ ಡಾಲರ್. ಇಷ್ಟು ದೊಡ್ಡ ವೆಚ್ಚದ ಚಿತ್ರಕ್ಕೆ ಅದು ಅಮೋಘ ಯಶಸ್ಸೇನಲ್ಲ, ಎರಡನೆಯ ವಾರಾಂತ್ಯದಲ್ಲಿ ಕುಸಿತವೂ ತೀವ್ರವಾಗಿತ್ತು. ಸರಿಯಾದ ನಿರ್ದೇಶಕರು ಒಳ್ಳೆಯ ಚಿತ್ರ ಕೊಡಬಲ್ಲರು. ಜನ ಥಿಯೇಟರಿಗೆ ಬಂದೇ ಬರುತ್ತಾರೆಂಬ ಭರವಸೆ ಕೊಡಲಾರರು.

ಈಗ ಅಭಿಮಾನಿಗಳ ವಾದ ಮಾರ್ವೆಲ್‌ನ ಇನ್ನೊಂದು ತಂಡವಾದ ‘ಎಕ್ಸ್-ಮೆನ್’ ಕಡೆಗೆ ತಿರುಗಿದೆ. ‘ಥಂಡರ್‌ಬೋಲ್ಟ್ಸ್’ ಮಾಡಿದ ಜೇಕ್ ಶ್ರೈಯರ್ ಅದನ್ನು ನಿರ್ದೇಶಿಸುತ್ತಾರೆಂದು ಮಾರ್ವೆಲ್ ಸ್ಟುಡಿಯೋಸ್‌ನ ಮುಖ್ಯಸ್ಥ ಕೆವಿನ್ ಫೈಗಿ 2025ರ ಜುಲೈನಲ್ಲಿ ಖಚಿತಪಡಿಸಿದರು. ಹೆಸರು ಇನ್ನೂ ದೊಡ್ಡದಿರಬೇಕಿತ್ತು ಎನ್ನುವವರಿಗೆ 2006ರ ಮೂರನೆಯ ‘ಎಕ್ಸ್-ಮೆನ್’ ಚಿತ್ರವನ್ನು ನೆನಪಿಸಬೇಕು. ಚಿತ್ರೀಕರಣಕ್ಕೆ ಕೆಲವೇ ವಾರಗಳಿರುವಾಗ ಮ್ಯಾಥ್ಯೂ ವಾನ್ ಹಿಂದೆ ಸರಿದರು, ಬಿಡುಗಡೆಯ ದಿನಾಂಕ ಕದಲಲಿಲ್ಲ, ಬ್ರೆಟ್ ರ್‍ಯಾಟ್ನರ್ ಸಿದ್ಧವಾಗಿದ್ದ ಬಂಡಿಯನ್ನು ಓಡುತ್ತಲೇ ಹತ್ತಬೇಕಾಯಿತು. ಅದೇ ವಾನ್ ಐದು ವರ್ಷಗಳ ನಂತರ ಮರಳಿ ಬಂದು, ಚಿತ್ರಕಥೆಯಲ್ಲಿಯೂ ಕೈಜೋಡಿಸಿ ‘ಫಸ್ಟ್ ಕ್ಲಾಸ್’ ಮಾಡಿದರು; ಆ ಸರಣಿಯಲ್ಲಿ ನನಗೆ ಅತಿ ಇಷ್ಟವಾದ ಚಿತ್ರ ಅದು. ಆದ್ದರಿಂದ ಶ್ರೈಯರ್ ಹೆಸರು ಕೇಳಿದಾಗ ನಾನು ಗಮನಿಸಿದ್ದು ಆ ಹೆಸರು ಎಷ್ಟು ದೊಡ್ಡದು ಎಂಬುದನ್ನಲ್ಲ, ಪಾತ್ರಧಾರಿಗಳ ಪಟ್ಟಿ ಹೊರಬರುವ ಮೊದಲೇ ಅದು ಹೊರಬಂತು ಎಂಬುದನ್ನು.