ಮೊದಲ ಅಕ್ಷರಕ್ಕೆ ಬಿಟ್ಟ ಜಾಗ

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಭೇದವೇ ಇಲ್ಲ. ಹಾಗಾಗಿ ಜರ್ಮನಿಯ ಹಳೆಯ ಧರ್ಮಗ್ರಂಥಗಳನ್ನು ನೋಡಿದಾಗ, ಮೊದಲ ಅಕ್ಷರಕ್ಕೆ ಇಷ್ಟೊಂದು ಉಪಚಾರ ಯಾಕಪ್ಪಾ ಅನ್ನಿಸುತ್ತದೆ. 14, 15ನೇ ಶತಮಾನದ ಕೈಬರಹದ ಪುಟ. ಕಪ್ಪು ಸಾಲುಗಳ ನಡುವೆ ಒಂದು ಅಕ್ಷರ ಮಾತ್ರ ಐದಾರು ಸಾಲಿನಷ್ಟು ಎತ್ತರ. ಮೈಯೆಲ್ಲ ಚಿನ್ನ, ಹಿಂದೆ ನೀಲಿ. ಅದರ ಬಾಲದಿಂದ ಹೊರಟ ಬಳ್ಳಿ ಪುಟದ ಅಂಚಿನುದ್ದಕ್ಕೂ ಹಬ್ಬಿರುತ್ತದೆ.

ಇದು ಸುಮ್ನೆ ಅಂದಕ್ಕೆ ಮಾಡಿದ್ದಲ್ಲ. ಆ ಪುಸ್ತಕಗಳಲ್ಲಿ ಪುಟಸಂಖ್ಯೆ ಇರುತ್ತಿದ್ದುದೇ ಕಡಿಮೆ. ಎಲ್ಲಿಂದ ಓದಬೇಕು, ಎಲ್ಲಿಂದ ಹಾಡಬೇಕು ಅನ್ನುವುದಕ್ಕೆ ಅಕ್ಷರದ ಗಾತ್ರವೇ ಗುರುತು.

ಬರೆಯುವವರು ಒಬ್ಬರು, ಬಣ್ಣ ಹಾಕುವವರು ಇನ್ನೊಬ್ಬರು ಆಗಿರುವುದು ಸಾಮಾನ್ಯ. ಬರೆಯುವವರು ದೊಡ್ಡ ಅಕ್ಷರಕ್ಕೆ ಚೌಕಾಕಾರದ ಜಾಗ ಬಿಟ್ಟು, ಅಲ್ಲಿ ಬರಬೇಕಾದ ಅಕ್ಷರವನ್ನು ಇರುವೆ ಗಾತ್ರದಲ್ಲಿ ಗೀಚಿ ಮುಂದೆ ಹೋಗುತ್ತಿದ್ದರು. ಚಿತ್ರಕಾರರಿಗೆ ಅದು ಚೀಟಿ ಬರೆದಿಟ್ಟ ಹಾಗೆ.

ಚಿತ್ರಕಾರರ ಕೆಲಸ ಚಿನ್ನದಿಂದ ಶುರು. ಕಾರಣ ಸರಳ. ಚಿನ್ನವನ್ನು ತಿಕ್ಕಿ ಹೊಳಪು ಕೊಡಬೇಕು. ಬಣ್ಣ ಮೊದಲೇ ಹಾಕಿದ್ದರೆ ತಿಕ್ಕುವಾಗ ಅದು ಹಾಳಾಗುತ್ತದೆ, ಬೇಡದ ಕಡೆಯೆಲ್ಲ ಚಿನ್ನ ಅಂಟಿಕೊಳ್ಳುತ್ತದೆ. ಹಾಗಾಗಿ ಮೊದಲು ಚರ್ಮದ ಹಾಳೆಯ ಮೇಲೆ ಜಿಪ್ಸಂ ಪುಡಿ ಮತ್ತು ಅಂಟಿನ ಮಿಶ್ರಣವನ್ನು ಉಬ್ಬಿ ನಿಲ್ಲುವಂತೆ ಹಚ್ಚುತ್ತಿದ್ದರು. ಅದಕ್ಕೆ ಒಂಚೂರು ಸಕ್ಕರೆಯನ್ನೋ ಜೇನನ್ನೋ ಬೆರೆಸುತ್ತಿದ್ದರು. ಇದರಲ್ಲೇ ಇರುವುದು ಜಾಣತನ. ಸಿಹಿ ಗಾಳಿಯ ತೇವವನ್ನು ಹೀರುತ್ತದೆ; ಮಳೆಗಾಲದಲ್ಲಿ ಡಬ್ಬಿಯ ಬೆಲ್ಲ ಒದ್ದೆಯಾಗುತ್ತದಲ್ಲ, ಹಾಗೆ. ಒಣಗಿದ ಲೇಪದ ಮೇಲೆ ಬಾಯಿಂದ ಬಿಸಿಯುಸಿರು ಊದಿದರೆ ಸಾಕು, ಮತ್ತೆ ಅಂಟಂಟಾಗುತ್ತದೆ. ತಕ್ಷಣ ಚಿನ್ನದ ರೇಕನ್ನು ಒತ್ತಬೇಕು. ಆಮೇಲೆ ನಾಯಿಯ ಹಲ್ಲಿನಿಂದಲೋ ನುಣುಪು ಕಲ್ಲಿನಿಂದಲೋ ಉಜ್ಜಿದರೆ, ಉಬ್ಬಿದ ಅಕ್ಷರ ಗಟ್ಟಿ ಚಿನ್ನದ್ದೇ ಇರಬೇಕು ಅನ್ನುವಂತೆ ಹೊಳೆಯುತ್ತದೆ.

ಬಳ್ಳಿ ಬಿಡಿಸುವುದಕ್ಕೂ ಪಾಠ ಇತ್ತು. ಗೋಟಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 1450ರ ಸುಮಾರಿನ ಒಂದು ಪುಟ್ಟ ಕೈಪಿಡಿ ಇದೆ. ಸುರುಳಿ ಎಲೆಗೆ ಮೊದಲು ಯಾವ ಬಣ್ಣ, ಆಮೇಲೆ ನೆರಳು ಎಲ್ಲಿ, ಬೆಳಕು ಎಲ್ಲಿ ಅಂತ ಜರ್ಮನ್‌ನಲ್ಲೇ ಹಂತಹಂತವಾಗಿ ಹೇಳುತ್ತದೆ. ಅಡುಗೆ ಪುಸ್ತಕದ ಧಾಟಿಯೇ, ಏನೂ ವ್ಯತ್ಯಾಸವಿಲ್ಲ.

ನೀಲಿಯದು ಬೇರೆಯೇ ಕಥೆ. ಜರ್ಮನಿಯಲ್ಲಿ ಜಾಸ್ತಿ ಬಳಕೆಯಲ್ಲಿದ್ದದ್ದು ಅಜುರೈಟ್ ಎಂಬ ತಾಮ್ರದ ಅದಿರು. ಅದನ್ನು ತೀರಾ ನುಣ್ಣಗೆ ಅರೆದರೆ ಬಣ್ಣ ಪೇಲವವಾಗುತ್ತದೆ. ದುಬಾರಿ ನೀಲಿ ಬರುತ್ತಿದ್ದದ್ದು ಅಫ್ಘಾನಿಸ್ತಾನದ ಲಾಪಿಸ್ ಲಾಜುಲಿ ಕಲ್ಲಿನಿಂದ. 2019ರಲ್ಲಿ ವಿಜ್ಞಾನಿಗಳು ಈ ಕಲ್ಲಿನ ಕಣಗಳನ್ನು ಎಲ್ಲಿ ಕಂಡರು ಗೊತ್ತಾ? ಜರ್ಮನಿಯ ಡಾಲ್‌ಹೈಮ್‌ನಲ್ಲಿ, ಸನ್ಯಾಸಿನಿಯರ ಮಠದ ಹತ್ತಿರ ಹೂತಿದ್ದ ಹೆಂಗಸಿನ ಹಲ್ಲಿನ ಪಾಚಿಯಲ್ಲಿ! ಆಕೆ ತೀರಿಕೊಂಡದ್ದು 997 ಮತ್ತು 1162ರ ನಡುವೆ, ಅಂದರೆ ನಾವು ಮಾತಾಡುತ್ತಿರುವ ಪುಸ್ತಕಗಳಿಗಿಂತ ಹಿಂದೆಯೇ. ಕುಂಚದ ತುದಿ ಚೂಪಾಗಲಿ ಅಂತ ಆಗಾಗ ನಾಲಿಗೆಗೆ ತಾಗಿಸುತ್ತಿದ್ದಿರಬೇಕು ಅನ್ನುವುದು ಅವರ ಊಹೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಆಕೆಯ ಹೆಸರು ಯಾರಿಗೂ ಗೊತ್ತಿಲ್ಲ. ಓಸ್ನಾಬ್ರೂಕ್ ಹತ್ತಿರದ ರುಲ್ಲೆ ಮಠದ ಸನ್ಯಾಸಿನಿ ಗಿಸೆಲಾ ಫಾನ್ ಕೆರ್ಸೆನ್‌ಬ್ರೋಕ್ ಅವರದಾದರೆ ಹೆಸರೂ ಉಳಿದಿದೆ. 1300ರ ಸುಮಾರಿನ ಹಾಡಿನ ಪುಸ್ತಕವೊಂದನ್ನು ಬರೆದು, ಚಿನ್ನದ ಅಕ್ಷರಗಳಿಂದ ಅಲಂಕರಿಸಿದ್ದು ಇವರೇ ಅಂತ ಆ ಪುಸ್ತಕದಲ್ಲೇ ಬರೆದಿದೆ.

ಕೆಂಪು, ಗುಲಾಬಿಗೆ ನಮ್ಮ ಕಡೆಯದೂ ಒಂದು ಪಾಲು ಉಂಟು. ಭಾರತ, ಸಿಂಹಳ ಮತ್ತು ಅದರಾಚೆಯ ನಾಡುಗಳಿಂದ ಹೋಗುತ್ತಿದ್ದ ಸಪ್ಪಂಗ ಮರದ ಚಕ್ಕೆಯನ್ನು ನೆನೆಸಿ, ಪಟಿಕ ಸೇರಿಸಿ ಬಣ್ಣ ತೆಗೆಯುತ್ತಿದ್ದರು. ಯುರೋಪಿನವರು ಈ ಮರವನ್ನು ಬ್ರೆಜಿಲ್ ಅನ್ನುತ್ತಿದ್ದರು. ದಕ್ಷಿಣ ಅಮೆರಿಕದಲ್ಲಿ ಅಂಥದ್ದೇ ಮರ ಸಿಕ್ಕಿದ್ದು ಆಮೇಲೆ. ದೇಶಕ್ಕೆ ಹೆಸರು ಬಂದದ್ದೂ ಮರದಿಂದಲೇ.

1455ರ ಹೊತ್ತಿಗೆ ಗುಟೆನ್‌ಬರ್ಗ್ ಬೈಬಲ್ ಅಚ್ಚಾಯಿತು. ಆಗಲೂ ದೊಡ್ಡ ಅಕ್ಷರದ ಜಾಗ ಖಾಲಿಯೇ. ಕೊಂಡವರು ತಮ್ಮ ಖರ್ಚಿನಲ್ಲಿ ಬರೆಸಿಕೊಳ್ಳಬೇಕಿತ್ತು. ನಂತರದ ಮುದ್ರಕರು ಆ ಖಾಲಿ ಚೌಕದೊಳಗೆ ಪುಟ್ಟ ಅಕ್ಷರವನ್ನು ಅಚ್ಚು ಮಾಡಿಯೇ ಕೊಡುತ್ತಿದ್ದರು. ಎಷ್ಟೋ ಪ್ರತಿಗಳಲ್ಲಿ ಚಿನ್ನವೂ ಬರಲಿಲ್ಲ, ಬಳ್ಳಿಯೂ ಬರಲಿಲ್ಲ. ಆ ಪುಟ್ಟ ಅಕ್ಷರ ಇವತ್ತಿಗೂ ಅಲ್ಲೇ ಕೂತಿದೆ.