ಪದ ಪರಿಚಯ: ಕೂಳೆ

ಮುಧೋಳ, ಜಮಖಂಡಿ ಕಡೆ ಕಬ್ಬು ಬೆಳೆಯುವವರ ಬಾಯಲ್ಲಿ ದಿನವೂ ಬರುವ ಪದ ಕೂಳೆ. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಬೊಡ್ಡೆಯೂ ಕೂಳೆ, ಅದೇ ಬೊಡ್ಡೆಯಿಂದ ಮತ್ತೆ ಏಳುವ ಬೆಳೆಯೂ ಕೂಳೆ. ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಪದದಿಂದಲೇ ಶುರು ಮಾಡುತ್ತೇನೆ. ಕಬ್ಬೂ ಹುಲ್ಲಿನ ಕುಲದ್ದೇ ತಾನೇ?

ಹುಲ್ಲಿನ ಬೆಳವಣಿಗೆಯಲ್ಲಿ ಎರಡು ರೀತಿ. ಕರಕಿ ನೆಲದ ಮೇಲೆ ಹಬ್ಬಿಕೊಂಡು ಹೋಗುತ್ತದೆ. ಮುಡಿವಾಳದಂಥವು ನಿಂತಲ್ಲೇ ತೆಂಡೆ (ಬುಡದಿಂದ ಏಳುವ ಮರಿ ಕಡ್ಡಿ) ಒಡೆದು, ಬುಡ ದಪ್ಪವಾಗಿ, ಕುಚ್ಚು ಕಟ್ಟಿದಂತೆ ನಿಲ್ಲುತ್ತವೆ. ಕೂಳೆಯ ಮಾತು ಹೆಚ್ಚಾಗಿ ಸಲ್ಲುವುದು ಈ ಕುಚ್ಚು ಹುಲ್ಲುಗಳಿಗೆ.

ಬೇಸಗೆಯಲ್ಲಿ ಬಾದಾಮಿಯ ಗುಡ್ಡದಲ್ಲಿ ಸುಟ್ಟ ಕುಚ್ಚು ಕಂಡರೆ ಪಕ್ಕದಲ್ಲಿ ಕುಳಿತು ನೋಡಿ. ಮೇಲೆ ಬೆರಳಷ್ಟು ಎತ್ತರದ ಕರಿ ಮೋಟುಗಳು, ಮುಟ್ಟಿದರೆ ಕೈಗೆ ಮಸಿ. ಮಣ್ಣು ಸ್ವಲ್ಪ ಕೆದರಿ ಬುಡವನ್ನು ಉಗುರಿನಿಂದ ಸುಲಿದರೆ ಒಳಗೆ ಬಿಳಿಚು ಹಳದಿಯ ಗಟ್ಟಿ ತಿರುಳು ಕಾಣುತ್ತದೆ. ಹುಲ್ಲಿನ ಜೀವ ಇರುವುದು ಅಲ್ಲಿ. ಗಿಡಮರಗಳ ಹಾಗೆ ಅದು ತುದಿಯಲ್ಲಿ ಬೆಳೆಯುವುದಿಲ್ಲ. ಎಲೆ ಬುಡದಿಂದ ಮೇಲೆ ಬರುತ್ತದೆ, ಮೊಗ್ಗುಗಳು ನೆಲಮಟ್ಟದಲ್ಲೋ ಅದಕ್ಕಿಂತ ತುಸು ಕೆಳಗೋ ಅಡಗಿರುತ್ತವೆ. ಸಸ್ಯದ ಜೀವಕೋಶ ಸಾಯಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾವು ಸಾಕು, ಜ್ವಾಲೆಯಲ್ಲಿರುವುದು ನೂರಾರು ಡಿಗ್ರಿ. ಆದರೆ ಹುಲ್ಲಿನ ಬೆಂಕಿ ಬಲು ಅವಸರದ್ದು, ಮಣ್ಣಾದರೋ ಕಾವನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದೆರಡು ಅಂಗುಲ ಕೆಳಗೆ ಬೆಂಕಿ ಬಂದು ಹೋದದ್ದೇ ಗೊತ್ತಾಗದು. ಮುಂಗಾರಿಗೆ ಮುಂಚಿನ ಅಡ್ಡಮಳೆ ಬಿದ್ದರೆ ಬೇರಿನಲ್ಲೂ ಬುಡದಲ್ಲೂ ಕೂಡಿಟ್ಟ ಆಹಾರವನ್ನು ಖರ್ಚು ಮಾಡಿ ಹುಲ್ಲು ಚಿಗುರುತ್ತದೆ. ಮೇಲಿನ ಒಣ ಕಸ ಹೋಗಿ ಬುಡಕ್ಕೆ ಬಿಸಿಲು ತಾಗುವುದರಿಂದ ತೆಂಡೆಯೂ ಜಾಸ್ತಿ.

ದೋತರಕ್ಕೂ ಕುರಿಯ ಉಣ್ಣೆಗೂ ಚುಚ್ಚಿಕೊಳ್ಳುವ, ಹುಲ್ಲಿನ ಈಟಿಯಂಥ ಬೀಜ ಎಲ್ಲರಿಗೂ ಗೊತ್ತು. ಅದರ ಬಾಲ ತೇವ ತಾಗಿದಾಗ ಬಿಚ್ಚಿಕೊಂಡು, ಒಣಗಿದಾಗ ಹುರಿಗೊಂಡು, ಬೈರಿಗೆಯ ಹಾಗೆ ಬೀಜವನ್ನು ಮಣ್ಣಿಗೆ ಇಳಿಸುತ್ತದೆ. ಕುಚ್ಚು ಸತ್ತರೂ ಬೀಜ ಬೆಂಕಿಯಿಂದ ಪಾರು.

ಹಾಗೆಂದು ಎಲ್ಲ ಕುಚ್ಚೂ ಉಳಿಯುವುದಿಲ್ಲ. ವರ್ಷಗಟ್ಟಲೆ ಮೇಯದೆ, ಕೊಯ್ಯದೆ ಬಿಟ್ಟ ಕುಚ್ಚಿನ ನಡುವೆ ಒಣ ಕಸ ಒತ್ತಾಗಿ ತುಂಬಿರುತ್ತದೆ. ಜ್ವಾಲೆ ಮುಂದೆ ಹೋದರೂ ಅಲ್ಲಿ ಕೆಂಡ ಬಹಳ ಹೊತ್ತು ಕನಲುತ್ತದೆ, ನಡು ಸತ್ತು ಅಂಚಷ್ಟೇ ಬಳೆಯ ಹಾಗೆ ಚಿಗುರುತ್ತದೆ. ಅಮೆರಿಕದ ಪಶ್ಚಿಮ ಭಾಗದಲ್ಲಿ ಐಡಹೊ ಫೆಸ್ಕ್ಯೂ ಎಂಬ ಸಣ್ಣೆಲೆಯ ಒತ್ತು ಹುಲ್ಲಿಗೆ ಬೆಂಕಿಯಿಂದ ಹೆಚ್ಚು ಪೆಟ್ಟು. ಒರಟು ಕಡ್ಡಿಯ ಬ್ಲೂಬಂಚ್ ವೀಟ್‌ಗ್ರಾಸ್ ಬೇಗ ಉರಿದು ಬೇಗ ಚೇತರಿಸಿಕೊಳ್ಳುತ್ತದೆ. ಹಂಗಾಮೂ ಮುಖ್ಯ. ಹುಲ್ಲು ಒಣಗಿ ಮಲಗಿದ್ದಾಗ ಬಿದ್ದ ಬೆಂಕಿಗಿಂತ ಹಸಿರಾಗಿ ಬೆಳೆಯುತ್ತಿರುವಾಗ ಬಿದ್ದದ್ದು ಕೆಟ್ಟದ್ದು.

(ರವದಿ, ಅಂದರೆ ಕಬ್ಬಿನ ಒಣ ಸೋಗೆ, ಸುಟ್ಟರೂ ಕಬ್ಬು ಚಿಗುರುತ್ತದಲ್ಲ ಎನ್ನುವವರು ಇದ್ದಾರೆ. ಚಿಗುರುತ್ತದೆ, ನಿಜ, ಮಣ್ಣಿಗೆ ಸೇರಬೇಕಾದ ಗೊಬ್ಬರ ಹೊಗೆಯಾಗಿ ಹೋಗುತ್ತದೆ.)

ಬೆಂಕಿಗಿಂತ ದೊಡ್ಡ ಪೆಟ್ಟು ಆಮೇಲೆ ಬೀಳುತ್ತದೆ. ಎಳೆ ಚಿಗುರು ಕಂಡೊಡನೆ ಕುರಿ, ದನ ಬಿಟ್ಟರೆ ಹುಲ್ಲು ಕೂಡಿಟ್ಟ ಆಹಾರದ ಗಂಟನ್ನು ಮತ್ತೆ ಮತ್ತೆ ಬಿಚ್ಚಬೇಕು, ಕೊನೆಗೆ ಬೇರಿನಲ್ಲಿ ಏನೂ ಉಳಿಯುವುದಿಲ್ಲ. ಅಮೆರಿಕದ ಪಶ್ಚಿಮ ಭಾಗದ ಸರ್ಕಾರಿ ಹುಲ್ಲುಗಾವಲು ಸುಟ್ಟರೆ ಸಾಮಾನ್ಯವಾಗಿ 2 ಹಂಗಾಮು ದನ ಬಿಡುವುದಿಲ್ಲ. ನಮ್ಮಲ್ಲಿ ಕಬ್ಬಿನ ಎಳೆ ಕೂಳೆಗೆ ಪಕ್ಕದ ಹೊಲದವರ ಎಮ್ಮೆ ನುಗ್ಗಿದರೆ ಪಂಚಾಯಿತಿಯೇ ಕೂಡುತ್ತದೆ. ಗುಡ್ಡದ ಕೂಳೆಯ ಪರವಾಗಿ ಜಗಳಕ್ಕೆ ಬಂದವರನ್ನು ನಾನು ಕಂಡಿಲ್ಲ.