ಪದ ಪರಿಚಯ: ಡಿಚಿಂಗ್

‘ನದಿಯಲ್ಲಿ ತುರ್ತು ಭೂಸ್ಪರ್ಶ ಮಾಡಿದ ವಿಮಾನ’ ಎಂಬ ಸಾಲು ಮತ್ತೆ ಕಣ್ಣಿಗೆ ಬಿತ್ತು. ನದಿಯಲ್ಲಿ ಭೂಮಿ ಎಲ್ಲಿ ಸಿಕ್ಕಿತು ಎಂದು ಬರೆದವರು ಒಂದು ಗಳಿಗೆ ಯೋಚಿಸಬೇಕಿತ್ತು. ಅದನ್ನಾದರೂ ಸಹಿಸಬಹುದು. ನೀರಿಗೆ ಬಿದ್ದ ಯಾವ ವಿಮಾನವನ್ನೇ ಆಗಲಿ ‘ಡಿಚ್ ಆಯಿತು’ ಎಂದು ಬರೆಯುವುದನ್ನು ಮಾತ್ರ ಸಹಿಸಲಾಗದು. ಚಿಕ್ಕಬಳ್ಳಾಪುರದವರಿಗೆ ವಿಮಾನ ದೂರದ ವಿಷಯವಲ್ಲ. ದೇವನಹಳ್ಳಿ ಪಕ್ಕದಲ್ಲೇ ಇದೆ, ನಮ್ಮ ಕಡೆಯ ಎಷ್ಟೋ ಮಕ್ಕಳು ಏರ್‌ಪೋರ್ಟಿನಲ್ಲಿ ಕೆಲಸಕ್ಕಿದ್ದಾರೆ. ಅಪಘಾತದ ಸುದ್ದಿ ಬಂದ ದಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೂ ಈ ಪದ ಓಡಾಡುತ್ತದೆ. ಓಡಾಡಲಿ, ಸರಿಯಾದ ಅರ್ಥದಲ್ಲಿ ಓಡಾಡಲಿ.

ನೆಲಕ್ಕಿಳಿಯಲೆಂದೇ ಕಟ್ಟಿದ ವಿಮಾನವನ್ನು ಪೈಲಟ್ ತಾನೇ ತೀರ್ಮಾನಿಸಿ, ಹತೋಟಿ ಬಿಡದೆ, ನೀರಿಗಿಳಿಸಿದರೆ ಅದು ಡಿಚಿಂಗ್. ಮಾಲ್ಡೀವ್ಸ್‌ನ ಸೀಪ್ಲೇನ್ ದಿನವಿಡೀ ನೀರಿಗಿಳಿದರೂ ಅದು ಡಿಚಿಂಗ್ ಅಲ್ಲ, ಅದರ ಕೆಲಸವೇ ಅದು. 1978ರ ಜನವರಿ 1ರಂದು ಮುಂಬೈ ಬಳಿ ಅರಬ್ಬೀ ಸಮುದ್ರಕ್ಕೆ ಬಿದ್ದ ಏರ್ ಇಂಡಿಯಾ ಜಂಬೋ ಜೆಟ್‌ನದು ಪತನ. 1968ರಲ್ಲಿ ಜಪಾನ್ ಏರ್‌ಲೈನ್ಸ್‌ನ ಡಿಸಿ-8 ರನ್‌ವೇ ಮುಟ್ಟುವ ಮೊದಲೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರಿಗಿಳಿಯಿತು. ಒಳಗಿದ್ದ 107 ಜನರೂ ಬದುಕಿದರು. ಆದರೂ ಅದು ಡಿಚಿಂಗ್ ಅಲ್ಲ, ಏಕೆಂದರೆ ಪೈಲಟ್ ಇಳಿಯಬೇಕೆಂದಿದ್ದದ್ದು ರನ್‌ವೇಗೆ. ಎಷ್ಟು ಜನ ಉಳಿದರು ಎಂಬ ಲೆಕ್ಕದಿಂದ ಈ ಪದ ಹುಟ್ಟುವುದಿಲ್ಲ.

ಪದದ ಬೇರು ಸ್ವಾರಸ್ಯದ್ದು. ಇಂಗ್ಲಿಷಿನಲ್ಲಿ ಡಿಚ್ ಎಂದರೆ ಹಳ್ಳ, ತೋಡು, ಕಂದಕ. ಅದೇ ಬೇರಿನ ಇನ್ನೊಂದು ಕವಲು ‘ಡೈಕ್’, ಅಂದರೆ ಒಡ್ಡು, ಕಟ್ಟೆ. ಡಚ್ಚರು ಸಮುದ್ರವನ್ನು ತಡೆಯಲು ಕಟ್ಟಿದ ಒಡ್ಡಿಗೆ ಈ ಹೆಸರಿದೆ. ಜರ್ಮನ್ನಿನ ‘ಟೈಶ್’ ಇದೇ ಮನೆತನದ್ದು, ಅದರ ಅರ್ಥ ಕೊಳ. ತಗ್ಗಿಗೂ ದಿಬ್ಬಕ್ಕೂ ಒಂದೇ ಬೇರು ಹೇಗೆ ಎಂದು ಬೇರೆಯವರು ಬೆರಗಾಗಬಹುದು. ಕೋಲಾರ, ಚಿಕ್ಕಬಳ್ಳಾಪುರದ ಕೆರೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅಗೆದ ಜಾಗ ಗುಂಡಿಯಾಗುತ್ತದೆ, ಅಗೆದ ಮಣ್ಣು ಏರಿಯಾಗುತ್ತದೆ, ಕೆಲಸ ಒಂದೇ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ವಾಯುಪಡೆಯವರ ಆಡುಮಾತಿನಲ್ಲಿ ಸಮುದ್ರವೇ ‘ಹಳ್ಳ’ವಾಗಿತ್ತು. ಏಟು ತಿಂದ ವಿಮಾನವನ್ನು ಆ ಹಳ್ಳಕ್ಕಿಳಿಸುವುದು ಡಿಚಿಂಗ್ ಆಯಿತು.

‘ಅವನು ನನ್ನ ಡಿಚ್ ಮಾಡ್ಬಿಟ್ಟ’ ಎನ್ನುವಾಗಿನ ಡಿಚ್ ಕೂಡ ಅದೇ ಹಳ್ಳದಿಂದ ಎದ್ದದ್ದು. ಅಲ್ಲಿ ಹಳ್ಳಕ್ಕೆ ಎಸೆದು ಹೋಗುವ ಅರ್ಥ, ನಮ್ಮ ‘ಕೈಕೊಡುವುದು’. ಇದರಿಂದಲೇ ‘ಪೈಲಟ್ ವಿಮಾನವನ್ನು ಡಿಚ್ ಮಾಡಿದ’ ಎಂದು ಓದಿದ ಹುಡುಗರು ಪೈಲಟ್ ವಿಮಾನ ಬಿಟ್ಟು ಹಾರಿಕೊಂಡ ಎಂದುಕೊಳ್ಳುತ್ತಾರೆ. ನಡೆಯುವುದು ಪೂರ್ತಿ ಉಲ್ಟಾ. ನ್ಯೂಯಾರ್ಕಿನ ಹಡ್ಸನ್ ನದಿಗೆ ವಿಮಾನ ಇಳಿಸಿದ ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್, ಯಾರೂ ಉಳಿದಿಲ್ಲವೆಂದು ನೋಡಲು ನೀರು ನುಗ್ಗುತ್ತಿದ್ದ ಕ್ಯಾಬಿನ್ನಿನಲ್ಲಿ ಎರಡು ಸಲ ಓಡಾಡಿ ಕೊನೆಯಲ್ಲಿ ಹೊರಬಂದರು.

2009ರ ಜನವರಿ 15ರ ಆ ಘಟನೆಯಲ್ಲಿ 155 ಜನರೂ ಬದುಕಿದ್ದು ಎಲ್ಲರಿಗೂ ಗೊತ್ತು. ಅದನ್ನು ‘ಪವಾಡ’ ಎಂದು ಮುಗಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಪೈಲಟ್‌ಗಳು ಇಂದಿಗೂ ವಾದಿಸುವುದು ಆ ಸುಮಾರು ಮೂರೂವರೆ ನಿಮಿಷದಲ್ಲಿ ತೆಗೆದುಕೊಂಡ ತೀರ್ಮಾನಗಳ ಬಗ್ಗೆ. ಸುಮಾರು 2,800 ಅಡಿ ಎತ್ತರದಲ್ಲಿ ಹೆಬ್ಬಾತುಗಳು ಬಡಿದು ಏರ್‌ಬಸ್ 320ರ ಎರಡೂ ಎಂಜಿನ್ ಸೋತವು. ಹೊರಟುಬಂದ ಲಾಗ್ವಾರ್ಡಿಯಾ ವಿಮಾನ ನಿಲ್ದಾಣಕ್ಕೇ ವಾಪಸಾಗಬಹುದಿತ್ತಲ್ಲ ಎಂಬುದು ಮೊದಲ ವಾದ. ತನಿಖೆಯ ಸಿಮ್ಯುಲೇಟರ್ ಪರೀಕ್ಷೆಗಳಲ್ಲಿ ತಕ್ಷಣ ತಿರುಗಿಸಿದವರಲ್ಲಿ ಕೆಲವರು ರನ್‌ವೇ ಮುಟ್ಟಿದ್ದು ನಿಜ. ಆದರೆ ಅವರಿಗೆ ಏನಾಗಲಿದೆಯೆಂದು ಮೊದಲೇ ಗೊತ್ತಿತ್ತು. ಏನಾಯಿತೆಂದು ಅರಿಯಲು ಮನುಷ್ಯನಿಗೆ ಬೇಕಾಗುವ ಹೊತ್ತೆಂದು 35 ಸೆಕೆಂಡು ಸೇರಿಸಿದಾಗ ವಿಮಾನ ರನ್‌ವೇ ತಲುಪಲಿಲ್ಲ. ತಲುಪದಿದ್ದರೆ ಕೆಳಗಿದ್ದದ್ದು ಜನ ತುಂಬಿದ ನಗರ.

ಉಳಿದ ವಾದಗಳು ಇನ್ನೂ ಸೂಕ್ಷ್ಮ. ಎರಡೂ ಎಂಜಿನ್ ನಿಂತಾಗಿನ ಚೆಕ್‌ಲಿಸ್ಟ್ ಬರೆದದ್ದು ತುಂಬ ಎತ್ತರದಲ್ಲಿ ಹಾರುವ ವಿಮಾನಕ್ಕೆ. ಸಹ ಪೈಲಟ್ ಜೆಫ್ರಿ ಸ್ಕೈಲ್ಸ್ ಅದರ ಸುಮಾರು ಮೂರನೇ ಒಂದು ಭಾಗ ಮುಗಿಸುವಷ್ಟರಲ್ಲಿ ನದಿ ಬಂದಿತ್ತು. ಸಲ್ಲೆನ್‌ಬರ್ಗರ್ ಪಟ್ಟಿಯ ಸರದಿ ಕಾಯದೆ ಬಾಲದಲ್ಲಿರುವ ಸಹಾಯಕ ಎಂಜಿನ್ನನ್ನು ಮೊದಲೇ ಚಾಲೂ ಮಾಡಿದ್ದರಿಂದ ವಿದ್ಯುತ್ತು ಉಳಿಯಿತು, ಕಂಪ್ಯೂಟರುಗಳ ನೆರವೂ ಉಳಿಯಿತು. ನನ್ನ ಮಟ್ಟಿಗೆ ಆ ದಿನದ ದೊಡ್ಡ ತೀರ್ಮಾನ ಅದೇ. ಕೊನೆಯಲ್ಲಿ ವೇಗ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು, ಹಿಂಭಾಗ ಜೋರಾಗಿ ಬಡಿದು ಒಡೆಯಿತು ಎಂಬ ಟೀಕೆಯಲ್ಲಿ ಹುರುಳಿದೆ. ‘ಡಿಚಿಂಗ್’ ಗುಂಡಿ ಒತ್ತಲಿಲ್ಲ ಎಂಬ ಟೀಕೆಯಲ್ಲಿ ಇಲ್ಲ. ಆ ಗುಂಡಿ ಕೆಳಭಾಗದ ಕವಾಟಗಳನ್ನು ಮುಚ್ಚುತ್ತದೆ, ಒಡಲೇ ಹರಿದ ಮೇಲೆ ಕವಾಟ ಮುಚ್ಚಿ ಏನು ಪ್ರಯೋಜನ? ಚಕ್ರ ಬಿಡಲಿಲ್ಲವೇಕೆ ಎಂದು ಕೇಳುವವರೂ ಇದ್ದಾರೆ. ಬಿಡಬಾರದು. ಚಕ್ರ ನೀರಿಗೆ ಸಿಕ್ಕಿಕೊಂಡರೆ ವಿಮಾನ ಮೂಗು ಮುಗ್ಗರಿಸುತ್ತದೆ.

ಜಾಗದ ಆಯ್ಕೆಯೂ ತೀರ್ಮಾನವೇ. ‘ಅಂಥದ್ದೇನಾದರೂ ಆದರೆ ನಮ್ಮ ಕಂದವಾರ ಕೆರೆ ಇದೆಯಲ್ಲ ಸಾರ್’ ಎಂದವರಿಗೆ ಹೇಳುತ್ತೇನೆ: ನೀರಿದ್ದರೆ ಸಾಲದು. ಹಡ್ಸನ್ ಅಗಲವಾಗಿ ನೇರಕ್ಕೆ ಹರಿಯುತ್ತದೆ, ಅಲ್ಲಿ ಪ್ರಯಾಣಿಕರ ಫೆರಿಗಳು ಓಡಾಡುತ್ತಿದ್ದವು. ಮೊದಲ ಫೆರಿ ಕೆಲವೇ ನಿಮಿಷಗಳಲ್ಲಿ ಬಂತು. ಕೊರೆಯುವ ಚಳಿಯಲ್ಲಿ ಅದು ತಡವಾಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಕೆರೆಯಲ್ಲಿ ಆ ಉದ್ದವೆಲ್ಲಿ? ವಿಮಾನ ನಿಲ್ಲುವ ಮೊದಲೇ ಏರಿ ಎದುರಾಗುತ್ತದೆ.

ಎಲ್ಲ ಡಿಚಿಂಗೂ ಹಾಗೆ ಮುಗಿಯುವುದಿಲ್ಲ. 1996ರ ನವೆಂಬರ್ 23ರಂದು ಅಪಹರಣಕ್ಕೊಳಗಾದ ಇಥಿಯೋಪಿಯನ್ ಏರ್‌ಲೈನ್ಸ್‌ನ ಬೋಯಿಂಗ್ 767 ಇಂಧನ ಮುಗಿದು ಹಿಂದೂ ಮಹಾಸಾಗರದ ಕೊಮೊರೊಸ್ ದ್ವೀಪದ ಕಡಲಂಚಿನಲ್ಲಿ ನೀರಿಗಿಳಿಯಿತು. 175 ಜನರಲ್ಲಿ 125 ಮಂದಿ ಸತ್ತರು. ಅವರಲ್ಲಿ ಅನೇಕರು ಲೈಫ್ ಜಾಕೆಟ್ಟಿಗೆ ವಿಮಾನದ ಒಳಗಿರುವಾಗಲೇ ಗಾಳಿ ತುಂಬಿಕೊಂಡು, ನೀರೇರಿದಾಗ ಮೇಲ್ಛಾವಣಿಗೆ ಒತ್ತಿ ಹೊರಬರಲಾಗದೆ ಹೋದವರು. ಇದೂ ಡಿಚಿಂಗೇ. 2005ರ ಆಗಸ್ಟ್ 6ರಂದು ಟುನೀಸಿಯಾದ ಟುನಿಂಟರ್ ಕಂಪನಿಯ ಎಟಿಆರ್ 72 ವಿಮಾನ ಇಟಲಿಯ ಸಿಸಿಲಿ ದ್ವೀಪದ ಬಳಿ ಸಮುದ್ರಕ್ಕಿಳಿದು, 39 ಜನರಲ್ಲಿ 16 ಮಂದಿ ಸತ್ತರು. ಅದಕ್ಕಿಂತ ಚಿಕ್ಕ ವಿಮಾನವಾದ ಎಟಿಆರ್ 42ರ ಇಂಧನ ಮಾಪಕವನ್ನು ಅದಕ್ಕೆ ಜೋಡಿಸಿದ್ದರಿಂದ ಖಾಲಿ ಟ್ಯಾಂಕಿನಲ್ಲೂ ಇಂಧನ ಇರುವಂತೆ ತೋರಿಸಿತ್ತು. ಪ್ರೊಪೆಲ್ಲರ್ ರೆಕ್ಕೆಗಳನ್ನು ಗಾಳಿಗೆ ಅಡ್ಡವಾಗದಂತೆ ತಿರುಗಿಸಿ, ಎಂಜಿನ್ ಇಲ್ಲದೆಯೇ ಸರಿಯಾದ ವೇಗದಲ್ಲಿ ಗಾಳಿಯಲ್ಲಿ ತೇಲಿಸಿದ್ದರೆ ಸಿಸಿಲಿಯ ಪಲೆರ್ಮೊ ವಿಮಾನ ನಿಲ್ದಾಣ ತಲುಪಬಹುದಿತ್ತು ಎಂದಿತು ತನಿಖೆ. ಇಟಲಿಯ ನ್ಯಾಯಾಲಯ ಪೈಲಟ್‌ಗಳನ್ನೂ ತಪ್ಪಿತಸ್ಥರೆಂದಿತು. ತಪ್ಪು ಮಾಪಕವನ್ನು ನಂಬಿ ಹಾರಿದವರಿಗೆ ಆ ಶಿಕ್ಷೆ ನ್ಯಾಯವೇ ಎಂಬ ವಾದ ವೈಮಾನಿಕರ ನಡುವೆ ಬಗೆಹರಿದಿಲ್ಲ.